ಗುರಿ ಅಭ್ಯಾಸಕ್ಕೆ ಪಿಸ್ತೂಲು: ಕೊಳ್ಳುವ ಮುನ್ನ ಒಂದು ಪಾಠ



ಕಳೆದ ಪಾಟ್‌ಲಕ್‌ನಲ್ಲಿ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಿದ್ದಾಗ, ಊರಿಂದ ಹೊಸದಾಗಿ ಬಂದ ಹುಡುಗನೊಬ್ಬ ಕೇಳಿದ: "ಶುಕ್ರವಾರ ನಮ್ಮ ಟೀಮ್ ಶೂಟಿಂಗ್ ರೇಂಜಿಗೆ ಹೋಗ್ತಿದೆ. ನೀವೂ ಹೋಗ್ತೀರಂತಲ್ಲ ಸರ್, ಏನು ತಗೊಂಡು ಹೋಗ್ಬೇಕು?" ನಾನು, "ಮೊದಲು ನಿನ್ನ ವೀಸಾ ಯಾವುದು ಹೇಳಪ್ಪ" ಅಂದೆ. ಅವನು ನಕ್ಕ. ಆದರೆ ನಾನು ಕೇಳಿದ್ದು ತಮಾಷೆಗಲ್ಲ. ಅದಕ್ಕೇ ಈ ಪಾಠ.

1. ಮೊದಲು ವೀಸಾ, ಆಮೇಲೆ ಪಿಸ್ತೂಲು

ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ನಾನ್‌ಇಮಿಗ್ರಂಟ್ ವೀಸಾದಲ್ಲಿರುವವರು, ಅಂದರೆ ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2 ಎಲ್ಲರೂ, ಗನ್ ಆಗಲಿ ಗುಂಡಾಗಲಿ ಹೊಂದುವಂತಿಲ್ಲ. ಕೊಳ್ಳುವುದಷ್ಟೇ ಅಲ್ಲ, ರೇಂಜಿನಲ್ಲಿ ಬಾಡಿಗೆಗೆ ಪಡೆದು ಹತ್ತು ನಿಮಿಷ ಕೈಯಲ್ಲಿ ಹಿಡಿದರೂ ಅದೇ ಲೆಕ್ಕ. 2022ರ ತಿದ್ದುಪಡಿಯ ನಂತರ ಇದಕ್ಕೆ 15 ವರ್ಷಗಳವರೆಗೆ ಜೈಲು ಆಗಬಹುದು. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಅದನ್ನು ನೆಚ್ಚಿಕೊಳ್ಳುವ ಮೊದಲು ಇಮಿಗ್ರೇಶನ್ ವಕೀಲರನ್ನು ಕೇಳಿ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದರೆ ಸಾಲದು, ಅದು ಮಂಜೂರಾಗಿರಬೇಕು.

"ಗ್ರೀನ್ ಕಾರ್ಡ್ ಇರೋ ಫ್ರೆಂಡ್ ಹೆಸರಲ್ಲಿ ತಗೊಂಡರಾಯ್ತು" ಎನ್ನುವವರಿದ್ದಾರೆ. ದಯವಿಟ್ಟು ಬೇಡ! ಅಂಗಡಿಯಲ್ಲಿ ತುಂಬುವ ಫಾರಂ 4473ರಲ್ಲಿ, ನಿಜವಾದ ಖರೀದಿದಾರ ನೀವೇನಾ ಎಂಬ ಪ್ರಶ್ನೆಯಿದೆ. ಅಲ್ಲಿ ಸುಳ್ಳು ಬರೆದರೆ ಫ್ರೆಂಡೂ ಸಿಕ್ಕಿಹಾಕಿಕೊಳ್ಳುತ್ತಾನೆ.

ನಾನು ಎಚ್-1ಬಿಯಲ್ಲಿದ್ದಾಗ ಟೀಮಿನ ಜೊತೆ ರೇಂಜಿಗೆ ಹೋಗಿ, ಕೌಂಟರಿನಲ್ಲಿ ಕೊಟ್ಟ ಫಾರಂ ಓದಿ, ಸಹಿ ಹಾಕದೆ ಹೊರಗೆ ಕೂತು ಕಾಫಿ ಕುಡಿದೆ. ಆಗ ನಾಚಿಕೆಯಾಯಿತು. ಗ್ರೀನ್ ಕಾರ್ಡ್ ಅರ್ಜಿ ತುಂಬುವಾಗ ಮಾತ್ರ ಆ ಕಾಫಿಯನ್ನು ನೆನೆದು ನಿಟ್ಟುಸಿರುಬಿಟ್ಟೆ.

2. ಕೊಳ್ಳುವ ಕ್ರಮ

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಜೆರ್ಸಿಯಲ್ಲಿ ಮೊದಲು ಪರ್ಮಿಟ್ ಬೇಕು, ಇಲಿನಾಯ್‌ನಲ್ಲಿ ಫಾಯ್ಡ್ ಕಾರ್ಡ್ ಬೇಕು. ನಾನಿರುವ ಕ್ಯಾಲಿಫೋರ್ನಿಯಾದ ಕ್ರಮ ಹೀಗಿದೆ:

- 21 ವರ್ಷ ತುಂಬಿರಬೇಕು. ಗುರುತಿನ ಚೀಟಿ, ವಾಸದ ದಾಖಲೆ, ಗ್ರೀನ್ ಕಾರ್ಡ್ ಜೊತೆಗಿರಲಿ.
- ಫೈರ್‌ಆರ್ಮ್ ಸೇಫ್ಟಿ ಸರ್ಟಿಫಿಕೇಟ್ ಪಡೆಯಬೇಕು. ಲಿಖಿತ ಪರೀಕ್ಷೆಯಲ್ಲಿ 30 ಪ್ರಶ್ನೆಗಳು, ಪಾಸಾಗಲು 23 ಸರಿಯಿರಬೇಕು. ಇದು 5 ವರ್ಷ ನಡೆಯುತ್ತದೆ.
- ಲೈಸೆನ್ಸ್ ಇರುವ ಅಂಗಡಿಯಲ್ಲಿ ಫಾರಂ ತುಂಬಿ, ಸುರಕ್ಷಿತವಾಗಿ ಹಿಡಿಯುವುದನ್ನು ಮಾಡಿ ತೋರಿಸಬೇಕು. ಹಿನ್ನೆಲೆ ತಪಾಸಣೆ ನಡೆಯುತ್ತದೆ.
- 10 ದಿನ ಕಾಯಬೇಕು. ಆಮೇಲೇ ಪಿಸ್ತೂಲು ಕೈಗೆ.

ಹೊಸಬರಿಗೆ ಪಾಯಿಂಟ್ 22 ಕ್ಯಾಲಿಬರ್ ಒಳ್ಳೆಯದು. ಒದೆತ ಕಡಿಮೆ, ಗುಂಡೂ ಅಗ್ಗ. ಅದಕ್ಕೂ ಮೊದಲು ಕೆಲವು ತಿಂಗಳು ತರಬೇತಿ ಪಡೆದು, ರೇಂಜಿನ ಬಾಡಿಗೆ ಪಿಸ್ತೂಲಿನಲ್ಲೇ ಅಭ್ಯಾಸ ಮಾಡಿ.

3. ರೇಂಜಿನಲ್ಲಿ

ನಾಲ್ಕು ಸೂತ್ರ ಬಾಯಿಪಾಠವಾಗಿರಲಿ. ಪ್ರತಿ ಗನ್ನೂ ಲೋಡ್ ಆಗಿದೆ ಎಂದೇ ತಿಳಿಯಿರಿ. ಹೊಡೆಯಬಾರದ ಕಡೆಗೆ ನಳಿಕೆ ತಿರುಗಿಸಬೇಡಿ. ಗುರಿ ಹಿಡಿಯುವವರೆಗೆ ಟ್ರಿಗರ್ ಮೇಲೆ ಬೆರಳಿಡಬೇಡಿ. ಗುರಿ ಯಾವುದು, ಅದರ ಹಿಂದೆ ಏನಿದೆ ಎಂದು ನೋಡಿಕೊಳ್ಳಿ.

ಕಿವಿಗೂ ಕಣ್ಣಿಗೂ ರಕ್ಷಣೆ ಬೇಕೇ ಬೇಕು. ಗುಂಡಿನಲ್ಲಿ ಸೀಸವಿರುತ್ತದೆ, ಅದು ಮಕ್ಕಳಿಗೆ ವಿಷ. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಮನೆಗೆ ಬಂದು ಬಟ್ಟೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ.

4. ಮನೆಯಲ್ಲಿ

ಕಾರಿನಲ್ಲಿ ಒಯ್ಯುವಾಗ ಗುಂಡು ತೆಗೆದು, ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಗ್ಲವ್ ಬಾಕ್ಸ್ ಲೆಕ್ಕಕ್ಕಿಲ್ಲ. ಮನೆಯಲ್ಲಿ ಸೇಫ್ ಇರಲಿ, ಗುಂಡು ಬೇರೆ ಕಡೆ ಬೀಗದಲ್ಲಿರಲಿ. ಅಪ್ಪ ಅಮ್ಮ ಆರು ತಿಂಗಳಿಗೆಂದು ಬಂದಾಗ ಅವರು ಬಿ-2 ವೀಸಾದವರು. ಕುತೂಹಲಕ್ಕೂ ಅವರ ಕೈಗೆ ಕೊಡಬೇಡಿ, ಸೇಫಿನ ನಂಬರನ್ನೂ ಹೇಳಬೇಡಿ.

ಕಡೆಯದಾಗಿ, ಮನಸ್ಸಿಗೆ ಕಷ್ಟವಾದರೂ ಹೇಳಲೇಬೇಕಾದ ಮಾತು. ಈ ದೇಶದಲ್ಲಿ ಗನ್ನಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ, ಹರೆಯದ ಮಕ್ಕಳು ಒತ್ತಡದಲ್ಲಿದ್ದರೆ, ಪಿಸ್ತೂಲು ಮನೆಗೆ ಬರುವುದೇ ಬೇಡ. ಬಾಡಿಗೆ ಪಿಸ್ತೂಲಿನಲ್ಲೂ ಗುರಿ ಅಷ್ಟೇ ಚೆನ್ನಾಗಿ ಕಲಿಯಬಹುದು. ನಮ್ಮ ಮನೆಯಲ್ಲಿ ನಾನೂ ನನ್ನಾಕೆಯೂ ಒಂದು ವಾರ ಮಾತಾಡಿಕೊಂಡೇ ನಿರ್ಧರಿಸಿದ್ದು. ನೀವೂ ಹಾಗೆ ಮಾಡಿ.

ನಾನು ವಕೀಲನಲ್ಲ, ಕೋಡ್ ಬರೆಯುವವನು. ನಿಮ್ಮ ರಾಜ್ಯದ ಇಂದಿನ ನಿಯಮವನ್ನು ನೀವೇ ಒಮ್ಮೆ ನೋಡಿಕೊಳ್ಳಿ. ಅಂದಹಾಗೆ, ಆ ಹುಡುಗ ತನ್ನ ಟೀಮನ್ನು ಬೌಲಿಂಗಿಗೆ ಒಪ್ಪಿಸಿದನಂತೆ!