ಹದ ನೋಡಿ ಆಡು, ಯವ್ವಾ

ನಿನ್ನೆ ಸಂಜೆ ರಾಕೆಟ್ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆಯಲ್ಲ, ಕಟ್ಟೆಯ ಮೇಲೆ ಕೂತು ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ಮಧ್ಯಾಹ್ನವೆಲ್ಲ ಕಾದ ಹೆಂಚಿನಂಥ ಬಿಸಿಲು. ನಾಲ್ಕೂವರೆಗೆ ಹೊಳೆಯ ಕಡೆಯಿಂದ ಧೂಳೆದ್ದಿತು, ಹಿಂದೆಯೇ ದಪ್ಪ ಹನಿ, ಒಂದಿಷ್ಟು ಆಲಿಕಲ್ಲು. ಎಲ್ಲ ಸೇರಿ ಇಪ್ಪತ್ತು ನಿಮಿಷ. ಮೋಡ ಸರಿಯಿತು. ನೀನು ಮಾತ್ರ ಒಳಗೆ ಹೋಗಿ ರಾಕೆಟ್ಟನ್ನು ಮಂಚದ ಕೆಳಗೆ ತಳ್ಳಿದೆ. "ಈ ಊರಾಗ ಟೆನಿಸ್ ಆಡಾಕಾಗಲ್ಲ ತಾತಾ" ಅಂದೆ. ಆ ಮಾತು ರಾತ್ರಿಯೆಲ್ಲ ನನ್ನನ್ನು ಕೊರೆಯಿತು.

ಅದೇ ಹೊತ್ತಿನಲ್ಲಿ ರಸ್ತೆಯ ಮೇಲೆ ನೆಲ್ಲು ಹರವಿದ್ದವರನ್ನು ನೋಡಿದೆಯಾ? ಗಾಳಿ ತಿರುಗಿದ್ದೇ ತಡ, ರಾಶಿ ಒಟ್ಟಿ ತಾಡಪತ್ರಿ ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ಹೇರಿದರು. ಮಳೆ ನಿಂತ ಮೇಲೆ ರಸ್ತೆ ಒಣಗುವುದನ್ನು ಕಾದು ಮತ್ತೆ ಹರವಿ, ಕಾಲಲ್ಲಿ ಎಳೆಯುತ್ತ ನಡೆದರು. ಸಿರುಗುಪ್ಪ ಸೀಮೆಯಲ್ಲಿ ಬೇಸಿಗೆ ಬೆಳೆ ಮನೆ ಸೇರುವುದು ಹೀಗೆಯೇ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಅದೇ ಮಳೆ ಕಟಾವಿನ ಗದ್ದೆಯ ಮೇಲೆ ಬಿದ್ದರೆ ತೆನೆ ಮಲಗಿಬಿಡುತ್ತದೆ. ಆದರೂ ಇಲ್ಲಿ ನೆಲ್ಲು ಬೆಳೆಯುವುದೇ ಬೇಡ ಎಂದು ಯಾರೂ ಕೈಚೆಲ್ಲಿಲ್ಲ.

ನಾನು ಬಳ್ಳಾರಿಯಲ್ಲಿ ಕಾಲೇಜು ಓದುವಾಗ ಒಂದು ಕ್ಲಬ್ಬಿನ ಮಣ್ಣಿನ ಕೋರ್ಟಿನಲ್ಲಿ ಆಡುತ್ತಿದ್ದೆ. ಅಲ್ಲಿ ಕೋರ್ಟ್ ನೋಡಿಕೊಳ್ಳುವ ಮಾರ್ಕರ್ ಒಬ್ಬನಿದ್ದ. ಮಳೆಯಾದ ಮರುದಿನ ಮುಂಜಾನೆ ನಾವು ಬೂಟು ಕಟ್ಟಿಕೊಂಡು ನಿಂತರೆ, ಅವನು ಬರಿಗಾಲಲ್ಲಿ ಬೇಸ್‌ಲೈನಿನ ಹತ್ತಿರ ಹೋಗಿ ಹಿಮ್ಮಡಿ ಊರುತ್ತಿದ್ದ. ಹಿಮ್ಮಡಿ ಇಳಿದು ಗುಳಿ ಉಳಿದರೆ "ಹದ ಬಂದಿಲ್ರಿ, ಅರ್ಧ ತಾಸು ಬಿಡ್ರಿ" ಅನ್ನುತ್ತಿದ್ದ. ಗುರುತು ಮಾತ್ರ ಮೂಡಿ ಮಣ್ಣು ಅಂಟದಿದ್ದರೆ ರೋಲರ್ ಎಳೆದು ಸುಣ್ಣದ ಗೆರೆ ಹಾಕುತ್ತಿದ್ದ. ವಾರಗಟ್ಟಲೆ ಮಳೆಯಿಲ್ಲದೆ ಧೂಳೆದ್ದರೆ ತಾನೇ ಸಂಜೆ ನೀರು ಚಿಮುಕಿಸುತ್ತಿದ್ದ. ಆಗ ನನಗೆ ಹೊಳೆದದ್ದು ಇಷ್ಟು: ನಮ್ಮಪ್ಪ ಬಿತ್ತುವ ಮೊದಲು ಹೊಲದಲ್ಲಿ ಬಗ್ಗಿ ಹಿಡಿ ಮಣ್ಣು ಅದುಮಿ ನೋಡುತ್ತಿದ್ದದ್ದೂ, ಇವನು ಹಿಮ್ಮಡಿ ಊರುವುದೂ ಒಂದೇ ವಿದ್ಯೆ. ಸಣ್ಣ ಮಳೆಯ ಮಾರನೆಯ ಮುಂಜಾನೆಯಷ್ಟು ಒಳ್ಳೆಯ ಕೋರ್ಟ್ ನನಗೆ ಮತ್ತೆ ಸಿಕ್ಕಿಲ್ಲ. ಧೂಳು ಕೂತಿರುತ್ತದೆ, ಕಾಲು ಜಾರುವುದಿಲ್ಲ, ಚೆಂಡು ನಂಬಿಕೆಯಿಂದ ಪುಟಿಯುತ್ತದೆ. ನೀನು ಬೈದ ಮಳೆಯೇ ಅದನ್ನು ಮಾಡಿಕೊಡುವುದು.

ಚೆಂಡಿನ ಗುಣವನ್ನೂ ತಿಳಿದುಕೊ. ಬಿಸಿಲಿಗೆ ಅದರೊಳಗಿನ ಗಾಳಿ ಹಿಗ್ಗಿ ಹೆಚ್ಚು ಪುಟಿಯುತ್ತದೆ, ಸಡಿಲ ಬಿಟ್ಟರೆ ಗೆರೆ ದಾಟಿ ಹೋಗುತ್ತದೆ. ಅಂಥ ದಿನ ಬೀಸು ಚಿಕ್ಕದಿರಲಿ. ತೇವದ ದಿನ ಮೇಲಿನ ಉಣ್ಣೆ ನೀರು ಕುಡಿದು ಚೆಂಡು ಭಾರವಾಗುತ್ತದೆ, ನಿಧಾನವಾಗುತ್ತದೆ. ಕಾಲು ಸರಿಸಿ ಜಾಗ ಹಿಡಿಯುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಗಾಳಿ ಇದ್ದಾಗ ಸರ್ವಿಗೆ ಚೆಂಡನ್ನು ತೀರ ಎತ್ತರಕ್ಕೆ ಎಸೆಯಬೇಡ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ನಾನೇ ಪೆಟ್ಟು ತಿಂದಿದ್ದೇನೆ. ಮೇ ತಿಂಗಳ ಒಂದು ದಿನ, ಹಿಂದಿನ ರಾತ್ರಿ ಮಳೆಯಾಗಿತ್ತು. ತಂಪಾಗಿದೆ ಎಂದುಕೊಂಡು ಹತ್ತು ಗಂಟೆಗೆ ಇಳಿದೆ. ಎರಡನೆಯ ಸೆಟ್ಟಿನಲ್ಲಿ ಕಣ್ಣು ಕತ್ತಲಿಟ್ಟು ಬಲೆಯ ಬುಡದಲ್ಲಿ ಬಿದ್ದೆ. ಗಾಳಿಯಲ್ಲಿ ತೇವ ತುಂಬಿದಾಗ ಬೆವರು ಆರುವುದಿಲ್ಲ, ಮೈಯ ಕಾವು ಹೊರಗೆ ಹೋಗುವುದಿಲ್ಲ. ಆಸ್ಟ್ರೇಲಿಯನ್ ಓಪನ್‌ನವರು 2019ರಿಂದ ಬಿಸಿಲಿನ ಒತ್ತಡವನ್ನು 1ರಿಂದ 5ರವರೆಗೆ ಅಳೆಯುತ್ತಾರೆ. ಗಾಳಿಯ ಉಷ್ಣತೆ, ಸೂರ್ಯನ ಝಳ, ತೇವಾಂಶ, ಗಾಳಿಯ ವೇಗ, ನಾಲ್ಕನ್ನೂ ಲೆಕ್ಕ ಹಿಡಿಯುತ್ತಾರೆ. 5 ಮುಟ್ಟಿದರೆ ಆಟ ನಿಲ್ಲುತ್ತದೆ. ಜಗತ್ತಿನ ಗಟ್ಟಿಗರನ್ನೇ ನಿಲ್ಲಿಸುತ್ತಾರೆ ಅಂದಮೇಲೆ ನೀನು ಎಂಟು ಗಂಟೆಗೆ ನೆರಳು ಸೇರಿದರೆ ಯಾವ ನಾಚಿಕೆಯೂ ಇಲ್ಲ. ಉಪ್ಪು ಹಾಕಿದ ಮಜ್ಜಿಗೆ ಬಾಯಾರುವ ಮೊದಲೇ ಕುಡಿ.

ಗುಡುಗು ಕೇಳಿದರೆ ಇನ್ನೊಂದು ಪಾಯಿಂಟ್ ಆಡಿ ಬರುತ್ತೇನೆ ಅನ್ನಬೇಡ. ಕಬ್ಬಿಣದ ಕಂಬ, ತಂತಿ ಬೇಲಿ, ಬೇವಿನ ಮರ ಯಾವುದರ ಹತ್ತಿರವೂ ನಿಲ್ಲದೆ ಮನೆಗೆ ಬಾ. ಕೊನೆಯ ಗುಡುಗಿನ ನಂತರ ಅರ್ಧ ತಾಸು ಹೊರಗೆ ಕಾಲಿಡಬೇಡ. ನಿನ್ನ ಅಪ್ಪನ ಫೋನಿನಲ್ಲಿ 'ದಾಮಿನಿ' ಆ್ಯಪ್ ಹಾಕಿಸಿದ್ದೇನೆ, ಹತ್ತಿರದಲ್ಲಿ ಸಿಡಿಲಿದ್ದರೆ ಅದು ಎಚ್ಚರಿಸುತ್ತದೆ.

ಕಾಯುವ ಹೊತ್ತೂ ಆಟದ್ದೇ, ಯವ್ವಾ. 2008ರ ವಿಂಬಲ್ಡನ್ ಫೈನಲ್ಲಿನಲ್ಲಿ ಫೆಡರರ್ ನಡಾಲ್ ಎದುರು ಮೊದಲ ಎರಡು ಸೆಟ್ ಸೋತಿದ್ದರು. ಮೂರನೆಯದರ ನಡುವೆ ಮಳೆ ಬಂತು. ಬಿಡುವು ಮುಗಿಸಿ ಬಂದು ಅದನ್ನೂ ನಾಲ್ಕನೆಯದನ್ನೂ ಟೈಬ್ರೇಕರ್‌ನಲ್ಲಿ ಗೆದ್ದರು. ಐದನೆಯದರಲ್ಲಿ ಮತ್ತೆ ಮಳೆ, ಕೊನೆಗೆ ಕತ್ತಲಾಗುವ ಹೊತ್ತಿಗೆ ನಡಾಲ್ ಗೆದ್ದರು. ನಮ್ಮ ರೋಹನ್ ಬೋಪಣ್ಣ ಬೆಳೆದದ್ದು ಕೊಡಗಿನಲ್ಲಿ. ಅಲ್ಲಿಯ ಮಳೆ ನಮ್ಮದರಂತೆ ಇಪ್ಪತ್ತು ನಿಮಿಷಕ್ಕೆ ಮುಗಿಯುವುದಲ್ಲ, ಜೂನ್‌ನಿಂದ ತಿಂಗಳುಗಟ್ಟಲೆ ಹಿಡಿದುಕೊಳ್ಳುತ್ತದೆ. ಪುರುಷರ ಡಬಲ್ಸ್‌ನ ಮೊದಲ ಗ್ರ್ಯಾಂಡ್ ಸ್ಲಾಮ್ ಅವರಿಗೆ ದಕ್ಕಿದ್ದು 43ನೆಯ ವಯಸ್ಸಿನಲ್ಲಿ, 2024ರ ಜನವರಿಯಲ್ಲಿ, ಮೆಲ್ಬರ್ನ್‌ನಲ್ಲಿ. ನಿನಗಿನ್ನೂ ಹದಿಮೂರು.

ಮಳೆ ಹಿಡಿದಾಗ ಪಡಸಾಲೆಯ ಗೋಡೆಗೆ ಚೆಂಡು ಹೊಡಿ, ಅಜ್ಜಿಗೆ ನಾನು ಹೇಳುತ್ತೇನೆ. ಹಗ್ಗ ಜಿಗಿ. ಹಿಡಿಕೆಯ ಪಟ್ಟಿ ಬಿಚ್ಚಿ ಒಣಗಿಸು.

ನಮ್ಮ ಹಿತ್ತಲ ಕಣ ಈಗ ಖಾಲಿ ಬಿದ್ದಿದೆ. ಸುತ್ತಲೂ ಎರೆ ಭೂಮಿ, ನೆನೆದರೆ ಅಂಟು, ಒಣಗಿದರೆ ಬಿರುಕು. ಅದಕ್ಕೇ ಹಿರಿಯರು ಕಣಕ್ಕೆ ಗರಸು ಹೇರಿ ಗಟ್ಟಿ ಮಾಡಿದ್ದಾರೆ. ಸಿಂಗಲ್ಸ್ ಕೋರ್ಟಿನ 78 ಅಡಿ ಉದ್ದ, 27 ಅಡಿ ಅಗಲ ಅಳೆದು ನೋಡಿದೆ, ಹಿಂದೆ ಓಡಲು ಜಾಗ ಸ್ವಲ್ಪ ಕಮ್ಮಿ, ಆದರೂ ಸಾಕು. ನಡುವೆ ಮೂರಡಿ ಎತ್ತರಕ್ಕೆ ಹಳೆಯ ಮೀನಿನ ಬಲೆ ಕಟ್ಟೋಣ. ಮೂಲೆಯಲ್ಲಿ ಬಿದ್ದಿರುವ ರೋಣಗಲ್ಲನ್ನು ಎಳೆಯಲು ನಿನ್ನ ಚಿಕ್ಕಪ್ಪನನ್ನು ಕರೆದಿದ್ದೇನೆ.

ನಾಳೆ ಐದೂವರೆಗೆ ಏಳು, ವಸುಧೇಂದ್ರ ತೀರ್ಥ ಗುರುಗಳ ಬೃಂದಾವನಕ್ಕೆ ಹೋಗುವವರು ಹೊಳೆಗೆ ಇಳಿಯುವ ಹೊತ್ತಿಗೆ. ಬೂಟು ಆಮೇಲೆ ಹಾಕಿಕೊ. ಮೊದಲು ಬರಿಗಾಲಲ್ಲಿ ಕಣಕ್ಕೆ ಬಾ, ಹಿಮ್ಮಡಿ ಊರಿ ನೋಡೋಣ.