ಲಾರಿಯಲ್ಲಿ ಬರುವುದು ಗೋಡೆಯ ತುಂಡು ಮಾತ್ರ

ಪುತ್ತೂರು, ಸುಳ್ಯ, ಮಡಿಕೇರಿ ಕಡೆ ಮನೆ ಕಟ್ಟುವವರು ಮೊದಲು ಗುಡ್ಡ ಕಡಿಯಬೇಕು. ಕಡಿದ ಬದಿಯಲ್ಲಿ ಧರೆ ಏಳುತ್ತದೆ. ಆ ಮಣ್ಣನ್ನು ಸುರಿದು ಅಂಗಳ ಮಾಡಿದ ಬದಿಯಲ್ಲಿ ಇನ್ನೊಂದು ಧರೆ ಹುಟ್ಟುತ್ತದೆ. ಎರಡಕ್ಕೂ ತಡೆಗೋಡೆ ಬೇಕು. ಮೊದಲೆಲ್ಲ ಕಾಡುಕಲ್ಲು, ಸೈಜುಕಲ್ಲುಗಳ ಕೆಲಸವೇ ಹೆಚ್ಚಿತ್ತು. ಈಗ ಕಲ್ಲು ಕೆತ್ತುವ ಕೈಗಳು ಕಡಿಮೆ, ಮಳೆಗಾಲದೊಳಗೆ ಮುಗಿಸುವ ಅವಸರ ಹೆಚ್ಚು. ಹಾಗಾಗಿ ಯಾರ್ಡಿನಲ್ಲಿ ಎರಕ ಹೊಯ್ದ ಪ್ರಿಕಾಸ್ಟ್ ತುಂಡುಗಳನ್ನು ತಂದು ನಿಲ್ಲಿಸುವ ಪದ್ಧತಿ ಬಂದಿದೆ. ಹದಿನೈದು ವರ್ಷದಿಂದ ನಾನು ಮಾಡುತ್ತಿರುವುದು ಅದನ್ನೇ. ಕೆಲವು ಪಾಠಗಳನ್ನು ಪುಸ್ತಕದಿಂದ ಕಲಿತೆ, ಹೆಚ್ಚಿನವನ್ನು ಜೂನ್, ಜುಲೈ ತಿಂಗಳುಗಳು ಕಲಿಸಿದವು.

1. ರೆಡಿಮೇಡ್ ಕಾಂಪೌಂಡು ತಡೆಗೋಡೆಯಲ್ಲ

ನನ್ನ ಮೊದಲ ಸೋಲು ಇದು. ಒಬ್ಬರು ಅಡಿಕೆ ಒಣಗಿಸುವ ಅಂಗಳವನ್ನು ದೊಡ್ಡದು ಮಾಡಬೇಕೆಂದರು. ತೋಟದ ಬದಿಗೆ ಐದಡಿ ಮಣ್ಣು ತುಂಬಬೇಕು. ಕಂಬ ಹುಗಿದು, ಕಂಬದ ಕಚ್ಚಿನಲ್ಲಿ ಎರಡಿಂಚಿನ ಹಲಗೆ ಇಳಿಸುವ ರೆಡಿಮೇಡ್ ಕಾಂಪೌಂಡು ಆಗ ಎಲ್ಲೆಡೆ ಏಳುತ್ತಿತ್ತು. "ಇದೇ ಸಾಕು ಮಾರಾಯ್ರೆ, ಎಂತ ಆಗುದಿಲ್ಲ" ಎಂದರು ಅವರು. ನಾನೂ ಹೂಂ ಎಂದೆ. ಜೂನ್ ಮುಗಿಯುವಷ್ಟರಲ್ಲಿ ಕಂಬಗಳು ತೋಟದತ್ತ ಬಾಗಿ, ಹಲಗೆಗಳು ನಡುವಿನಲ್ಲಿ ಸೀಳಿ, ಅಂಗಳ ಅಡಿಕೆ ಮರದ ಬುಡಕ್ಕೆ ಇಳಿದಿತ್ತು. ಆ ಹಲಗೆ, ಕಂಬ ಗಾಳಿಗೂ ದನಕ್ಕೂ ಎದುರು ನಿಲ್ಲಲು ಮಾಡಿದವು. ಐದಡಿ ಮಣ್ಣಿನ ತಳ್ಳು ಅವುಗಳ ಲೆಕ್ಕದಲ್ಲೇ ಇರಲಿಲ್ಲ. ಆ ಗೋಡೆಯನ್ನು ನನ್ನ ಖರ್ಚಿನಲ್ಲೇ ಮತ್ತೆ ಕಟ್ಟಿಕೊಟ್ಟೆ.

2. ಗೋಡೆಯನ್ನು ಹಿಡಿದಿಡುವುದು ಅದರ ಹಿಮ್ಮಡಿಯ ಮೇಲಿನ ಮಣ್ಣು

ನಮ್ಮಲ್ಲಿ ಹೆಚ್ಚು ಬಳಕೆಯಾಗುವುದು ಎಲ್ ಆಕಾರದ ತುಂಡು. 3 ಮೀಟರ್ ಎತ್ತರ, 1.8 ಮೀಟರ್ ಅಡಿ, 200 ಮಿ.ಮೀ. ದಪ್ಪ ಎಂದಿಟ್ಟುಕೊಳ್ಳಿ. ಒಂದು ಮೀಟರ್ ಉದ್ದದ ತುಂಡಿನ ತೂಕ ಸುಮಾರು 2.3 ಟನ್. ಅದರ ಅಡಿಯ ಮೇಲೆ, ಅಂದರೆ ಹಿಮ್ಮಡಿಯ ಮೇಲೆ, ಕೂರುವ ಮಣ್ಣಿನ ತೂಕ ಸುಮಾರು 8 ಟನ್. ಮಣ್ಣನ್ನು ತಡೆಯುವ ಕೆಲಸದ ಮುಕ್ಕಾಲು ಪಾಲನ್ನು ಮಣ್ಣೇ ಮಾಡುತ್ತದೆ. ಕಾಂಕ್ರೀಟು ಅದನ್ನು ಕೂರಿಸಿಕೊಳ್ಳುವ ಮಣೆ ಅಷ್ಟೆ.

ಇದು ಗೊತ್ತಿಲ್ಲದ ಒಬ್ಬ ಮೇಸ್ತ್ರಿ, ಹಿಂದೆ ಅಗೆಯುವ ಕೆಲಸ ಉಳಿಯುತ್ತದೆಂದು ಎಲ್ ತುಂಡಿನ ಅಡಿಯನ್ನು ಹೊರಮುಖವಾಗಿ ಇಟ್ಟಿದ್ದನ್ನು ಕಂಡಿದ್ದೇನೆ. ನೋಡಲು ಗೋಡೆ ಅದೇ, ತುಂಡೂ ಅದೇ. ಆದರೆ 8 ಟನ್ ಕಾವಲುಗಾರನನ್ನು ಮನೆಗೆ ಕಳಿಸಿದ ಹಾಗಾಯಿತು. ಒಳಗಿನ ಕಂಬಿಯನ್ನೂ ಹಿಂದಿನಿಂದ ಬರುವ ತಳ್ಳನ್ನು ನೋಡಿಯೇ ಒಂದು ಮುಖಕ್ಕೆ ಕಟ್ಟಿರುತ್ತಾರೆ. ಅದಕ್ಕೇ ಈಗ ಪ್ರತಿ ತುಂಡಿನ ಮೇಲೂ 'ಮಣ್ಣಿನ ಬದಿ' ಎಂದು ಪೇಂಟಿನಲ್ಲಿ ಬರೆಸುತ್ತೇನೆ.

3. "ಇನ್ನೊಂದು ಸ್ವಲ್ಪ ಎತ್ತರಿಸಿ" ಎಂಬ ಮಾತಿಗೆ ಒಪ್ಪಬೇಡಿ

ತಳ್ಳು ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎತ್ತರ ಇಮ್ಮಡಿಯಾದರೆ ತಳ್ಳು ನಾಲ್ಕು ಪಟ್ಟು, ಬುಡದಲ್ಲಿ ಗೋಡೆಯನ್ನು ಮಗುಚುವ ಬಲ ಎಂಟು ಪಟ್ಟು. 2 ಮೀಟರಿಗೆ ಮಾಡಿದ ತುಂಡಿನ ಮೇಲೆ ನಾಲ್ಕು ಸಾಲು ಕೆಂಪುಕಲ್ಲು ಇಟ್ಟು ಮಣ್ಣು ಏರಿಸುವುದು ಮನೆಯವರಿಗೆ ಚಿಲ್ಲರೆ ಬದಲಾವಣೆ. ಬುಡದ ಕಂಬಿಗೆ ಅದು ಬೇರೆಯದೇ ಗೋಡೆ. ಎತ್ತರ ಹೆಚ್ಚಿದರೆ ತುಂಡೇ ಬದಲಾಗಬೇಕು, ಇಲ್ಲವೇ ನಡುವೆ ಜಾಗ ಬಿಟ್ಟು ಎರಡು ಮೆಟ್ಟಿಲಾಗಿ ಕಟ್ಟಬೇಕು.

4. ಮೊದಲು ನೀರಿಗೆ ದಾರಿ, ಆಮೇಲೆ ಗೋಡೆ

ಅದೇ 3 ಮೀಟರ್ ಗೋಡೆಯನ್ನು ಮತ್ತೆ ತೆಗೆದುಕೊಳ್ಳಿ. ಹಿಂದೆ ಒಣ, ಒಳ್ಳೆಯ ಮಣ್ಣಿದ್ದರೆ ಪ್ರತಿ ಮೀಟರಿಗೆ ತಳ್ಳು ಸುಮಾರು 2.7 ಟನ್. ಕಾಂಕ್ರೀಟು ಮತ್ತು ಹಿಮ್ಮಡಿಯ ಮಣ್ಣು ಸೇರಿ 10 ಟನ್ ನೆಲವನ್ನು ಒತ್ತಿ ಹಿಡಿದಿರುತ್ತವೆ. ಅದರ ಅರ್ಧದಷ್ಟು, ಅಂದರೆ 5 ಟನ್, ಜಾರದಂತೆ ತಡೆಯುವ ಘರ್ಷಣೆ ಎಂದುಕೊಳ್ಳೋಣ. ಗೋಡೆ ನಿಶ್ಚಿಂತೆ. ಈಗ ಹಿಂದೆ ಮೇಲಿನವರೆಗೂ ನೀರು ನಿಲ್ಲಲಿ. ತಳ್ಳು 6 ಟನ್ ಹತ್ತಿರ ಹೋಗುತ್ತದೆ. ಸಾಲದ್ದಕ್ಕೆ ನೀರು ಅಡಿಯಿಂದ ಮೇಲಕ್ಕೆತ್ತಿ ಘರ್ಷಣೆಯನ್ನೂ ಕದಿಯುತ್ತದೆ. ಗೋಡೆ ಜಾರಲು ಬೇರೆ ಕಾರಣ ಬೇಡ. ನಾನು ನೋಡಿದ ಬಿದ್ದ ಗೋಡೆಗಳಲ್ಲಿ ಹೆಚ್ಚಿನವು ಬಿದ್ದದ್ದು ಹೀಗೆಯೇ, ರಾತ್ರಿಯಿಡೀ ಸುರಿದ ಮಳೆಯ ಮಾರನೆಯ ಬೆಳಗ್ಗೆ.

ಹಾಗಾಗಿ ಗೋಡೆಯ ಬೆನ್ನಿಗೆ ಕನಿಷ್ಠ ಒಂದಡಿ ಅಗಲಕ್ಕೆ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ತಳದಲ್ಲಿ ತೂತು ಕೊರೆದ ನಾಲ್ಕಿಂಚಿನ ಪೈಪು, ಗೋಡೆಯಲ್ಲಿ ನೀರಿನ ಕಿಂಡಿಗಳು. ಪೈಪಿನ ಬಾಯಿ ಎಲ್ಲಿಗೆ ಹೋಗಿ ಬೀಳುತ್ತದೆ ಎಂಬುದು ಕಾಗದದಲ್ಲಿ ಇರಬೇಕು. ಮೇಲ್ಗಡೆ ಮಳೆನೀರನ್ನು ಬೇರೆಯಾಗಿ ಸಾಗಿಸಲು ಕಣಿ ಬೇಕು. ಒಳಗೆ ಹೊಕ್ಕ ನೀರನ್ನು ತೆಗೆಯುವುದಕ್ಕಿಂತ ಹೊಗದಂತೆ ತಡೆಯುವುದು ಅಗ್ಗ. ಒಮ್ಮೆ ಪೇಂಟಿನವನು ಬಂದು, ಕೊಳಕು ನೀರು ಗೋಡೆಯ ಮೇಲೆ ಇಳಿಯುತ್ತದೆಂದು ಕಿಂಡಿಗಳಿಗೆಲ್ಲ ಸಿಮೆಂಟು ಮೆತ್ತಿ ಚಂದ ಮಾಡಿದ್ದ. ಅಂದಿನಿಂದ ಕಿಂಡಿಯ ಕೆಲಸವನ್ನು ಮನೆಯೊಡತಿಗೂ ಹೇಳಿಕೊಟ್ಟೇ ಹೋಗುತ್ತೇನೆ.

5. ಶೇಡಿ ಮಣ್ಣು ಬಿಟ್ಟಿ ಸಿಕ್ಕಿದರೂ ಬೇಡ

ಕರಾವಳಿಯಲ್ಲಿ ಮೇಲೆ ಮುರಕಲ್ಲು, ಅದರಡಿಯಲ್ಲಿ ಬಿಳಿ, ಹಳದಿ, ಗುಲಾಬಿ ಬಣ್ಣದ ಶೇಡಿ ಮಣ್ಣು. ಬೇಸಿಗೆಯಲ್ಲಿ ಅದರ ಧರೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದರೆ ಹಿಟ್ಟಿನ ಹಾಗೆ ಕರಗುತ್ತದೆ. ಕಡಿದ ಮಣ್ಣು ರಾಶಿ ಬಿದ್ದಿರುವಾಗ "ದುಡ್ಡು ಕೊಟ್ಟು ಬೇರೆ ಮಣ್ಣು ಯಾಕೆ ಇಂಜಿನಿಯರ್ರೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಒಂದು ಮುಷ್ಟಿ ಮಣ್ಣನ್ನು ನೀರಲ್ಲಿ ಕಲಸಿ ಅವರ ಅಂಗೈಗೇ ಇಡುತ್ತೇನೆ. ಉಜ್ಜಿದಾಗ ಸಾಬೂನಿನಂತೆ ಜಾರಿ, ಬೆರಳಿಗೆ ಅಂಟಿ, ಹರಳು ಸಿಗದಿದ್ದರೆ ಅದು ಗೋಡೆಯ ಹಿಂದೆ ಹೋಗಬಾರದು. ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಮಣ್ಣಿನ ಪದರಗಳ ನಡುವೆ ಜಿಯೋಗ್ರಿಡ್ ಬಲೆ ಹಾಸುವ ಗೋಡೆಯಾದರೆ ಕೈಯಂದಾಜು ಸಾಲದು. 75 ಮೈಕ್ರಾನ್ ಜರಡಿಯಲ್ಲಿ ಇಳಿಯುವ ನಯಪುಡಿ ಶೇಕಡಾ 15 ಮೀರಬಾರದು. ಅದಕ್ಕೆ ಲ್ಯಾಬಿನ ಚೀಟಿ ಬೇಕು.

6. ಮೊದಲ ತುಂಡಿಗೆ ಅರ್ಧ ದಿನ ಕೊಡಿ

ಗಟ್ಟಿ ನೆಲ ಸಿಗುವವರೆಗೆ ಅಗೆದು, ಅದರ ಮೇಲೆ ನಾಲ್ಕಿಂಚು ಪಿಸಿಸಿ, ಅಂದರೆ ಕಂಬಿಯಿಲ್ಲದ ಕಾಂಕ್ರೀಟು. ತುಂಬಿದ ಮಣ್ಣಿನ ಮೇಲೆ ಪಾಯ ಇಡುವ ಮಾತೇ ಬೇಡ. ಪಿಸಿಸಿ ಗಟ್ಟಿಯಾದ ಮೇಲೆ ಒಂದಿಂಚು ಗಾರೆ ಹಾಸಿ ಮೊದಲ ತುಂಡನ್ನು ಕೂರಿಸಬೇಕು.

ನಮ್ಮ ಹಿರಿಯ ಮೇಸ್ತ್ರಿ ಇದನ್ನು ಮಾಡುವ ರೀತಿ ನೋಡಬೇಕು. ಹೈಡ್ರಾ ಕ್ರೇನು ತುಂಡನ್ನು ಒಂದು ಗೇಣು ಮೇಲೆ ಹಿಡಿದಿರುತ್ತದೆ. ಅವರು ಮೊಣಕಾಲೂರಿ, ಕರಣೆಯಲ್ಲಿ ಗಾರೆಯನ್ನು ಎಳೆದು, ಒಂದು ಕಣ್ಣು ಮುಚ್ಚಿ ದಾರ ನೋಡುತ್ತಾರೆ. ಕೈಯ ಹೆಬ್ಬೆರಳು ಕೆಳಗೆ ಮಾಡಿದರೆ ಡ್ರೈವರು ಇಳಿಸಬೇಕು. ಮುಷ್ಟಿ ಹಿಡಿದರೆ ಉಸಿರೂ ಬಿಡಬಾರದು. ಕೂತ ಮೇಲೆ ತೂಗುಗುಂಡು ಬಿಟ್ಟು, ಅದು ಆಡುವುದು ನಿಲ್ಲುವವರೆಗೆ ಬೀಡಿ ಸಹ ಹಚ್ಚುವುದಿಲ್ಲ. ಹೊಸ ಹುಡುಗರಿಗೆ ಇದು ಅತಿ ಅನ್ನಿಸುತ್ತದೆ. ಲೆಕ್ಕ ಹೇಳಿದರೆ ಸುಮ್ಮನಾಗುತ್ತಾರೆ: 1.8 ಮೀಟರ್ ಅಡಿಯಲ್ಲಿ ಹಿಂದೆ-ಮುಂದೆ 6 ಮಿ.ಮೀ. ಹೆಚ್ಚುಕಡಿಮೆಯಾದರೆ 3 ಮೀಟರ್ ಮೇಲೆ ತುದಿ 10 ಮಿ.ಮೀ. ಸರಿಯುತ್ತದೆ. ಪಕ್ಕದ ತುಂಡು ಅದನ್ನು ನೋಡಿಯೇ ನಿಲ್ಲುತ್ತದೆ. ಹತ್ತನೆಯ ತುಂಡಿನ ಹೊತ್ತಿಗೆ ಗೋಡೆ ಹಾವಿನ ನಡೆ ಹಿಡಿದಿರುತ್ತದೆ.

7. ಆರ್ಡರ್ ಕೊಡುವ ಮೊದಲು ದಾರಿ ನೋಡಿ

ಪ್ರಿಕಾಸ್ಟಿನ ಲಾಭವೆಲ್ಲ ತೋಟದ ದಾರಿಯ ಒಂದು ತಿರುವಿನಲ್ಲಿ ಮುಗಿದುಹೋಗಬಹುದು. ಲಾರಿ ತಿರುಗುತ್ತದೆಯೇ, ಮೋರಿ ಭಾರ ತಡೆಯುತ್ತದೆಯೇ, ಮೇಲೆ ಕರೆಂಟಿನ ತಂತಿ ಎಷ್ಟು ಕೆಳಗಿದೆ, ಹೈಡ್ರಾ ನಿಲ್ಲಲು ಗಟ್ಟಿ ಜಾಗ ಇದೆಯೇ ಎಂದು ಟೇಪು ಹಿಡಿದು ನಡೆದೇ ನೋಡಬೇಕು. ದಾರಿ ಇಲ್ಲದಲ್ಲಿ ಇಬ್ಬರು ಹೊರಬಹುದಾದ ಬ್ಲಾಕಿನ ಗೋಡೆಯೇ ಸರಿ.

ಯಾರ್ಡಿನಲ್ಲಿ ಮೂರು ವಿಷಯ ನೋಡುತ್ತೇನೆ: ಎರಕದ ತಾರೀಖು, ಮೂಲೆಯಲ್ಲಿ ಜೇನುಗೂಡಿನಂತೆ ಜಲ್ಲಿ ಬಿಟ್ಟಿದೆಯೇ, ಎತ್ತುವ ಕೊಕ್ಕೆಯ ಸುತ್ತ ಬಿರುಕಿದೆಯೇ. ಎತ್ತುವಾಗ ಸರಪಳಿಯ ಕೋನ ಮುಖ್ಯ. 2 ಟನ್ ತುಂಡಿಗೆ ಎರಡು ಸರಪಳಿ ನೆಲದಿಂದ 60 ಡಿಗ್ರಿಯಲ್ಲಿದ್ದರೆ ಒಂದೊಂದರ ಮೇಲೆ ಬೀಳುವ ಎಳೆತ 1.15 ಟನ್. ಗಿಡ್ಡ ಸರಪಳಿ ಹಾಕಿ 30 ಡಿಗ್ರಿಗೆ ಇಳಿಸಿದರೆ ಒಂದೊಂದಕ್ಕೂ 2 ಟನ್. ತುಂಡು ಗಾಳಿಯಲ್ಲಿದ್ದಾಗ ಕೆಳಗೆ ಯಾರೂ ನಿಲ್ಲಬಾರದು. ಇದಕ್ಕೆ ವಿನಾಯಿತಿ ಇಲ್ಲ, ನನಗೂ ಇಲ್ಲ.

8. ಮಣ್ಣನ್ನು ಸುರಿಯಬೇಡಿ, ಹಾಸಿ

ತುಂಡು ನಿಂತ ಸಂಜೆಯೇ ಜೆಸಿಬಿಯವನು ಬಕೆಟ್ಟಿನಲ್ಲಿ ಮಣ್ಣು ದೂಡಿ ಮನೆಗೆ ಹೋಗಲು ನೋಡುತ್ತಾನೆ. ಎಂಟು ಇಂಚಿನ ಪದರ, ಹದವಾದ ತೇವ, ಗಟ್ಟಿಸಿದ ಮೇಲೆ ಮುಂದಿನ ಪದರ. ಗೋಡೆಯಿಂದ ಒಂದೂವರೆ ಮೀಟರಿನೊಳಗೆ ದೊಡ್ಡ ರೋಲರು ಬರಬಾರದು. ಅಲ್ಲಿ ಕೈಯಲ್ಲಿ ನಡೆಸುವ ಪ್ಲೇಟ್ ಕಂಪ್ಯಾಕ್ಟರ್ ಸಾಕು. ಗೋಡೆ ಉಬ್ಬುವುದು ಬರೀ ಮಳೆಗಾಲದಲ್ಲಿ ಅಲ್ಲ, ಉರಿಬಿಸಿಲಿನಲ್ಲಿ ರೋಲರು ಅಂಚಿಗೆ ಹೋದಾಗಲೂ ಹೌದು. ಗಟ್ಟಿಸದೆ ಬಿಟ್ಟರೆ ಮೊದಲ ಮಳೆಗೆ ಅಂಗಳ ಒಂದು ಗೇಣು ಕುಸಿದು, ಆ ತಗ್ಗಿನಲ್ಲೇ ನೀರು ನಿಂತು ಗೋಡೆಯ ಬೆನ್ನಿಗೆ ಇಳಿಯುತ್ತದೆ.

9. ಸಂದು ಇರಲಿ

ಎರಡು ತುಂಡುಗಳ ನಡುವಿನ ಬೆರಳಗಲದ ಸಂದು ಕಂಡು ಮನೆಯವರು ಗಾಬರಿಯಾಗುತ್ತಾರೆ. ನೆಲ ಅಲ್ಲಲ್ಲಿ ಕೊಂಚ ಇಳಿದಾಗ ಒಂದೊಂದು ತುಂಡೂ ತನ್ನ ಪಾಡಿಗೆ ಹೊಂದಿಕೊಳ್ಳಲು ಆ ಸಂದು ಬೇಕು. ಗಾರೆ ತುಂಬಿದರೆ ಅದು ಒಡೆಯುತ್ತದೆ, ಆಗ ನಿಜವಾದ ಬಿರುಕು ಯಾವುದೆಂದೇ ತಿಳಿಯುವುದಿಲ್ಲ. ಹಿಂದುಗಡೆ ಒಂದಡಿ ಅಗಲದ ಜಿಯೋಟೆಕ್ಸ್‌ಟೈಲ್ ಪಟ್ಟಿ ಅಂಟಿಸಿದರೆ ನೀರು ಬರುತ್ತದೆ, ಮಣ್ಣು ಬರುವುದಿಲ್ಲ.

10. ಹಿಂದೆ ಜಾಗ ಇದೆಯೇ ಎಂದು ಕೇಳಿಕೊಳ್ಳಿ

ಮಣ್ಣಿನ ಪದರಗಳ ನಡುವೆ ಪಟ್ಟಿ ಹಾಸಿ ಮಣ್ಣನ್ನೇ ಗೋಡೆಯಾಗಿಸುವ ಉಪಾಯವನ್ನು 1960ರ ದಶಕದಲ್ಲಿ ಫ್ರಾನ್ಸಿನ ಇಂಜಿನಿಯರ್ ಆಂರಿ ವಿದಾಲ್ ಬಳಕೆಗೆ ತಂದರು. ಇಂದು ಫ್ಲೈಓವರಿನ ಇಕ್ಕೆಲದಲ್ಲಿ ಕಾಣುವ ಕಾಂಕ್ರೀಟ್ ಫಲಕಗಳ ಹಿಂದೆ ಇರುವುದು ಅದೇ ತತ್ವ. ಬ್ಲಾಕು ಮತ್ತು ಜಿಯೋಗ್ರಿಡ್ ಸೇರಿಸಿ ಕಟ್ಟುವ ಚಿಕ್ಕ ಗೋಡೆಗಳೂ ಅದೇ ತತ್ವದವು. ತುಂಬಿದ ಮಣ್ಣಿಗೆ ಇದು ಒಳ್ಳೆಯ ದಾರಿ. ಆದರೆ ಜಿಯೋಗ್ರಿಡ್ ಗೋಡೆಯ ಎತ್ತರದ ಕನಿಷ್ಠ ಹತ್ತರಲ್ಲಿ ಏಳು ಪಾಲು ಹಿಂದಕ್ಕೆ ಹೋಗಬೇಕು. 6 ಮೀಟರ್ ಗೋಡೆಗೆ 4.2 ಮೀಟರ್. ಅಷ್ಟರಲ್ಲಿ ಪಕ್ಕದವರ ಗಡಿಯೋ ಅವರ ಮನೆಯ ಪಾಯವೋ ಬಂದರೆ ಈ ಗೋಡೆ ಅಲ್ಲಿಗಲ್ಲ. ಮುಂದೊಂದು ದಿನ ಅದೇ ಜಾಗದಲ್ಲಿ ನೀರಿನ ಪೈಪಿಗೆಂದು ಗುಂಡಿ ತೋಡಿ ಜಿಯೋಗ್ರಿಡ್ ಕತ್ತರಿಸಿಬಿಡುವ ಅಪಾಯವೂ ಇದೆ. ನಕ್ಷೆಯ ಒಂದು ಪ್ರತಿ ಮನೆಯಲ್ಲಿರಲಿ.

11. ಧರೆ ಬೇರೆ, ಗುಡ್ಡ ಬೇರೆ

ಪ್ರಿಕಾಸ್ಟಿನ ನಿಜವಾದ ಬೆಲೆ ಇರುವುದು ಸಮಯದಲ್ಲಿ. ಜಾಗದಲ್ಲೇ ಎರಕ ಹೊಯ್ದರೆ ಕಡಿದ ಧರೆ ವಾರಗಟ್ಟಲೆ ಬೆತ್ತಲೆ ನಿಲ್ಲಬೇಕು. ತುಂಡು ಸಿದ್ಧವಿದ್ದರೆ ಐದಾರು ಮೀಟರ್ ಕಡಿದು, ಅಷ್ಟಕ್ಕೆ ಗೋಡೆ ನಿಲ್ಲಿಸಿ, ಮಣ್ಣು ತುಂಬಿ ಮುಂದೆ ಹೋಗಬಹುದು. ಆದರೂ ಮೇ ಕೊನೆಯ ನಂತರ ಹೊಸ ಧರೆ ಕಡಿಯುವುದಿಲ್ಲ, ಯಾರು ಹೇಳಿದರೂ.

ಇನ್ನೊಂದು ಮಿತಿಯೂ ಇದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಇಳಿದು ಬಂದದ್ದು ಗುಡ್ಡ. ಅದರ ಮುಂದೆ ನಮ್ಮ 3 ಮೀಟರ್ ತುಂಡು ಬೆಂಕಿಪೆಟ್ಟಿಗೆ. ಮೇಲಿನ ಇಳಿಜಾರಿನಲ್ಲಿ ಅರ್ಧಚಂದ್ರದ ಬಿರುಕು, ವಾಲಿದ ಮರಗಳು, ಹೊಸದಾಗಿ ಹುಟ್ಟಿದ ಒರತೆ ಕಂಡರೆ ನಾನು ಕೊಟೇಶನ್ ಕೊಡುವುದಿಲ್ಲ. ಭೂವಿಜ್ಞಾನಿಯನ್ನು ಕರೆಸಿ ಎನ್ನುತ್ತೇನೆ. ಕೆಲಸ ಬಿಟ್ಟು ಬಂದದ್ದಕ್ಕೆ ಒಮ್ಮೆಯೂ ಪಶ್ಚಾತ್ತಾಪ ಪಟ್ಟಿಲ್ಲ.

12. ಕೊನೆಯ ಕಂತು ಮಳೆಯ ನಂತರ

ನನ್ನ ಬಿಲ್ಲಿನ ಕೊನೆಯ ಕಂತನ್ನು ಮೊದಲ ಮಳೆಗಾಲ ಕಳೆದ ಮೇಲೆ ಕೊಡಿ ಎಂದು ನಾನೇ ಹೇಳುತ್ತೇನೆ. ಆಟಿ ತಿಂಗಳ ಜಡಿಮಳೆಯಲ್ಲಿ ಕೊಡೆ ಹಿಡಿದು ಹೋಗಿ ಗೋಡೆಯ ಬುಡದಲ್ಲಿ ನಿಲ್ಲುತ್ತೇನೆ. ಮೊದಲು ಕಿಂಡಿಗಳನ್ನು ನೋಡುವುದು. ಒಂದೂ ಹನಿಯದಿದ್ದರೆ ಭಯ: ನೀರು ಎಲ್ಲೋ ಒಳಗೆ ಕೂತಿದೆ. ಕೆಂಪು ನೀರು ಮೊದಲೆರಡು ದಿನ ಬಂದರೆ ಪರವಾಗಿಲ್ಲ. ಬರುತ್ತಲೇ ಇದ್ದರೆ ಬಟ್ಟೆ ಹರಿದಿದೆ, ಮಣ್ಣು ಹೊರಡುತ್ತಿದೆ. ಕಳೆದ ವರ್ಷ ಒಂದು ಮನೆಯಲ್ಲಿ ಬೊಗಸೆ ಒಡ್ಡಿದೆ. ತಣ್ಣಗೆ, ತಿಳಿಯಾಗಿ ಬಂತು. ಜಗಲಿಯಿಂದ ಮನೆಯಾಕೆ ಕೂಗಿದರು: "ಗೋಡೆ ಸೋರ್ತಾ ಉಂಟಲ್ಲ ಇಂಜಿನಿಯರ್ರೆ!"

"ಸೋರ್ಲಿ ಅಕ್ಕ," ಎಂದೆ. "ಅದಕ್ಕೇ ನಿಂತಿದೆ."