ಗೊರೆಹಬ್ಬಕ್ಕೂ ಒಂದು ಬಟನ್

ಗುಮಟಾಪುರದ ಗೊರೆಹಬ್ಬ, ತಂಗಿಯ ಮದುವೆ, ದಿಂಬಂ ಘಾಟಿಯ 27 ತಿರುವುಗಳ ಪಯಣ, ಮೂರನ್ನೂ ಒಂದೇ ಡಿವಿಡಿಗೆ ಹಾಕಬೇಕೆಂದು ತಾಳವಾಡಿಯಿಂದ ಬರೆದಿದ್ದೀರಿ. ಹಾಕಿ, ಆದರೆ 4.7 ಜಿಬಿ ಡಿಸ್ಕಿನಲ್ಲಿ ಎರಡು ಗಂಟೆ ಮೀರಿದರೆ ಚಿತ್ರ ಮಂಕಾಗುತ್ತದೆ. ಮೆನುವಿನ ಮುಖಪುಟಕ್ಕೆ ಮೂರೇ ಬಟನ್ ಸಾಕು. ಮದುವೆಗೆ ಮಾತ್ರ ಒಳಮೆನು: ಚಪ್ಪರ, ಧಾರೆ, ಊಟ. (ಎಲ್ಲರೂ ಮೊದಲು ಒತ್ತುವುದು ಊಟವನ್ನೇ!)

ಮೆನುವಿನ ಬಟನ್‌ಗಳಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾದದ್ದು ನಿಮ್ಮ ತಪ್ಪಲ್ಲ. ಕೆಲವು ತಂತ್ರಾಂಶಗಳಿಗೆ ಕನ್ನಡ ಜೋಡಿಸಲು ಬಾರದು. ಹೆಸರುಗಳನ್ನು ಬೇರೆಡೆ ಬರೆದು, ಚಿತ್ರವಾಗಿ ಉಳಿಸಿ, ಹಿನ್ನೆಲೆಯಾಗಿಸಿ. ಅದರ ಮೇಲೆ ಅಕ್ಷರವಿಲ್ಲದ ಬಟನ್ ಕೂರಿಸಿ. ಸುತ್ತಲೂ ಹತ್ತನೇ ಒಂದು ಭಾಗ ಖಾಲಿ ಬಿಡಿ, ಹಳೆಯ ಟಿವಿಗಳು ಅಂಚನ್ನು ನುಂಗುತ್ತವೆ. ಬರ್ನ್ ಮಾಡುವ ಮುನ್ನ ಪ್ರಿವ್ಯೂನಲ್ಲಿ ಮೌಸ್ ಮುಟ್ಟದೆ, ಬಾಣದ ಗುಂಡಿಗಳಿಂದಲೇ ಓಡಾಡಿ ನೋಡಿ. ಅಜ್ಜಿಯ ಕೈಯಲ್ಲಿರುವುದು ರಿಮೋಟು ತಾನೇ?